1,500 ರೂಪಾಯಿಯ ಸೌಂಡ್ ಮೀಟರ್ ನಂಬಿ ಕೋಣೆಯ ಅಕೌಸ್ಟಿಕ್ಸ್ ಅಳೆಯಬಹುದಾ?

ತೊಪ್ಪಿನಾದ:
ಎಲ್ಲರಿಗೂ ನಮಸ್ಕಾರ. ಮನೆಯ ಒಂದು ಕೋಣೆಯನ್ನು ಸಂಗೀತದ ಅಭ್ಯಾಸಕ್ಕೆ, ಸಣ್ಣಪುಟ್ಟ ರೆಕಾರ್ಡಿಂಗಿಗೆ ಅಂತ ಬಿಟ್ಟಿದ್ದೇವೆ. 12 ಅಡಿ ಉದ್ದ, 10 ಅಡಿ ಅಗಲ, ಎತ್ತರವೂ 10 ಅಡಿ. ಸುತ್ತ ಗಾರೆ ಗೋಡೆ, ಮೇಲೆ ಆರ್‌ಸಿಸಿ, ಕೆಳಗೆ ಟೈಲ್ಸ್. ಮಗ ಮೃದಂಗ ನುಡಿಸಿದರೆ ಬಲಗಡೆಯ ಪೆಟ್ಟು ಚುರುಕಾಗಿ ಕೇಳುತ್ತದೆ, ಆದರೆ ತೊಪ್ಪಿ (ಎಡಗಡೆಯ ಮುಖ) ಮಾತ್ರ ಗುಂ ಅಂತ ಎಳೆದುಕೊಂಡು ಹೋಗುತ್ತದೆ, ಮುಂದಿನ ಪೆಟ್ಟು ಬಿದ್ದರೂ ಹಿಂದಿನದು ಪೂರ್ತಿ ನಿಂತಿರುವುದಿಲ್ಲ.

ಗೋಡೆಗೆ ಏನಾದರೂ ಹಾಕಿಸುವ ಮುಂಚೆ ಅಳೆದು ನೋಡೋಣ ಅಂತ ಆನ್‌ಲೈನಲ್ಲಿ 1,500 ರೂಪಾಯಿಯ ಮೀಟರ್ ತರಿಸಿದೆ. ಡಬ್ಬದ ಮೇಲೆ 30ರಿಂದ 130 ಡಿಬಿ (ಡೆಸಿಬೆಲ್), ಪ್ಲಸ್ ಆರ್ ಮೈನಸ್ 1.5 ಎಂದಿದೆ. ಫ್ಯಾನ್ ಓಡುವಾಗ ಮೀಟರ್ 47 ತೋರಿಸುತ್ತದೆ, ಪಕ್ಕದಲ್ಲೇ ಇಟ್ಟ ಫೋನಿನ ಆ್ಯಪ್ 41 ಅನ್ನುತ್ತದೆ. ಯಾವುದನ್ನು ನಂಬಲಿ? ಈ ಮೀಟರಲ್ಲೇ ಕೆಲಸ ಆಗುತ್ತಾ, ಇಲ್ಲ ದುಬಾರಿಯದ್ದು ತಗೋಬೇಕಾ?

ಅಳತೆಗೋಲು:
ಆ 1.5 ಡಿಬಿ ಎಲ್ಲ ಸ್ವರಕ್ಕೂ ಅನ್ವಯಿಸುವ ಮಾತಲ್ಲ ಸರ್. ಜೊತೆಗಿರುವ ಕಾಗದದ ಸಣ್ಣ ಅಕ್ಷರ ಓದಿ. ಸಾಮಾನ್ಯವಾಗಿ 94 ಡಿಬಿ, 1 ಕಿಲೋಹರ್ಟ್ಜ್‌ನಲ್ಲಿ ಎಂದು ಇರುತ್ತದೆ. ಅಂದರೆ ಆ ಒಂದು ಜಾಗದಲ್ಲಿ ಅದು ಸರಿ ಇರಬಹುದು. 60 ಹರ್ಟ್ಜ್‌ನ ತಗ್ಗು ಸದ್ದಿನಲ್ಲಿ ಅಥವಾ 8 ಕಿಲೋಹರ್ಟ್ಜ್‌ನ ಏರು ಸದ್ದಿನಲ್ಲಿ ಎಷ್ಟು ತಪ್ಪುತ್ತದೆ ಅಂತ ಅದು ಹೇಳುವುದೇ ಇಲ್ಲ. ಐಇಸಿ 61672 ಅನ್ನುವ ಮಾನದಂಡದ ಕ್ಲಾಸ್ 1 (ಹೆಚ್ಚು ನಿಖರ), ಕ್ಲಾಸ್ 2 ಮೀಟರುಗಳಿಗೆ ಪ್ರತಿ ಫ್ರೀಕ್ವೆನ್ಸಿಗೂ ಬೇರೆ ಬೇರೆ ಮಿತಿ ಇದೆ, ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುತ್ತಾರೆ. ಅಗ್ಗದ ಮೀಟರಿನ ಮೇಲೆ ಕ್ಲಾಸ್ 2 ಅಂತ ಅಚ್ಚು ಹಾಕಿದ ಮಾತ್ರಕ್ಕೆ ಅದನ್ನು ಯಾರೋ ಪರೀಕ್ಷೆ ಮಾಡಿದ್ದಾರೆ ಅಂತಲ್ಲ.

ಆದರೆ ನಿಮ್ಮ ತೊಂದರೆಯಲ್ಲಿ ಮೀಟರಿನ ತಪ್ಪಿಗಿಂತ ದೊಡ್ಡದು ಎ-ವೇಟಿಂಗ್. ಮೀಟರಿನಲ್ಲಿ ಡಿಬಿಎ ಅಂತ ಕಾಣಿಸುತ್ತಿದ್ದರೆ ಅದು 50 ಹರ್ಟ್ಜ್‌ನಲ್ಲಿ 30 ಡಿಬಿ, 125 ಹರ್ಟ್ಜ್‌ನಲ್ಲಿ 16 ಡಿಬಿ ಬೇಕಂತಲೇ ಕಡಿಮೆ ತೋರಿಸುತ್ತದೆ, ಮನುಷ್ಯರ ಕಿವಿಗೆ ಹೊಂದಿಸಲು ಮಾಡಿದ ಲೆಕ್ಕ ಅದು. ಅಂದರೆ ನಿಮ್ಮ ತೊಪ್ಪಿಯ ಗುಂ ಅನ್ನು ಮೀಟರ್ ಬಹುಪಾಲು ಲೆಕ್ಕಕ್ಕೇ ತಗೊಳ್ಳುತ್ತಿಲ್ಲ. ಸಿ-ವೇಟಿಂಗ್ ಬಟನ್ ಇದ್ದರೆ ಅದಕ್ಕೆ ಬದಲಿಸಿ, ಅದರಲ್ಲಿ 50 ಹರ್ಟ್ಜ್‌ಗೆ ಇಳಿಯುವುದು ಸುಮಾರು 1.3 ಡಿಬಿ ಅಷ್ಟೇ. ಸಿ ಇಲ್ಲದ ಮೀಟರ್ ಆದರೆ ಈ ಕೆಲಸಕ್ಕೆ ಬೇಡವೇ ಬೇಡ.

ಫೋನ್ ವಿಷಯ: ಐಫೋನಿಗೆ ಅಮೆರಿಕದ ನಯಾಶ್ ಸಂಸ್ಥೆಯ ಉಚಿತ ಆ್ಯಪ್ ಇದೆ, ಪ್ಲಸ್ ಆರ್ ಮೈನಸ್ 2 ಡಿಬಿಎ ಒಳಗೆ ಬರುತ್ತದೆ ಅಂತ ಅವರೇ ಹೇಳುತ್ತಾರೆ. ಆಂಡ್ರಾಯ್ಡ್‌ನಲ್ಲಿ ಒಂದೊಂದು ಫೋನಿಗೆ ಒಂದೊಂದು ಮೈಕ್, ಅಲ್ಲಿ 6 ಡಿಬಿ ವ್ಯತ್ಯಾಸ ಬಂದರೆ ಆಶ್ಚರ್ಯ ಇಲ್ಲ. ಇನ್ನೊಂದು, ಫ್ಯಾನ್ ಗಾಳಿ ನೇರ ಮೈಕಿಗೆ ಬಡಿದರೂ ಅದು ಸದ್ದಿನ ಹಾಗೇ ಲೆಕ್ಕ ಆಗುತ್ತದೆ. ಕಪ್ಪು ಸ್ಪಂಜಿನ ಟೋಪಿ ಹಾಕಿ ಅಳೆಯಿರಿ, ಮೀಟರ್ ಕೈಯಲ್ಲಿ ಹಿಡಿಯದೆ ಸ್ಟ್ಯಾಂಡಿಗೆ ಹಾಕಿ.

ಶ್ರುತಿಶುದ್ಧ:
ಇಷ್ಟೆಲ್ಲ ಯಾಕೆ? ಅಗ್ಗದ್ದು ಬಿಸಾಕಿ ಕ್ಲಾಸ್ 1 ತಗೊಳ್ಳಿ. ತಪ್ಪು ಅಳತೆ ಇಟ್ಟುಕೊಂಡು ಗೋಡೆಗೆ ದುಡ್ಡು ಸುರಿಯುವುದಕ್ಕಿಂತ ಅದೇ ಮೇಲು.

ಅಳತೆಗೋಲು:
ಒಪ್ಪುವುದಿಲ್ಲ. ಲಕ್ಷ ರೂಪಾಯಿಯ ಕ್ಲಾಸ್ 1 ತಂದರೂ ಬರೀ ಡಿಬಿ ನಂಬರ್ ನೋಡಿದರೆ ಈ ಗುಂ ಎಷ್ಟು ಹೊತ್ತು ಉಳಿಯುತ್ತದೆ ಅಂತ ಗೊತ್ತಾಗುವುದಿಲ್ಲ. ಮೀಟರಿನ ಫಾಸ್ಟ್ ಸೆಟ್ಟಿಂಗ್ ಅಂದರೆ 125 ಮಿಲಿಸೆಕೆಂಡಿನ ಸರಾಸರಿ. ಸದ್ದು ಫಕ್ಕನೆ ನಿಂತರೂ ಅದರ ನಂಬರ್ ಸೆಕೆಂಡಿಗೆ ಸುಮಾರು 35 ಡಿಬಿಗಿಂತ ಬೇಗ ಇಳಿಯಲಾರದು. 60 ಡಿಬಿ ಇಳಿಯಲು ಅದಕ್ಕೇ 1.7 ಸೆಕೆಂಡ್ ಬೇಕು. ನಿಮ್ಮ ಕೋಣೆಯಲ್ಲಿ ಸದ್ದು ಅದಕ್ಕಿಂತ ಬೇಗ ಆರುತ್ತಿದ್ದರೆ ಮೀಟರ್ ತೋರಿಸುವುದು ತನ್ನ ನಿಧಾನವನ್ನೇ, ಕೋಣೆಯದ್ದನ್ನಲ್ಲ. ಸ್ಲೋ ಅಂತೂ ಇನ್ನೂ ಎಂಟು ಪಟ್ಟು ನಿಧಾನ.

ಅಗ್ಗದ ಮೀಟರಿಗೆ ಇರುವ ನಿಜವಾದ ಬೆಲೆ ಹೋಲಿಕೆಯಲ್ಲಿ. ಅದು 3 ಡಿಬಿ ಜಾಸ್ತಿ ತೋರಿಸುತ್ತದೆ ಅಂತ ಇಟ್ಟುಕೊಳ್ಳಿ, ಎಡ ಸ್ಪೀಕರಿಗೂ ಬಲ ಸ್ಪೀಕರಿಗೂ ಅಷ್ಟೇ ಜಾಸ್ತಿ ತೋರಿಸುತ್ತದೆ, ಕಳೆದಾಗ ತಪ್ಪು ಹೊರಟೇ ಹೋಗುತ್ತದೆ. ಗೋಡೆಗೆ ಹಾಕುವ ಮುಂಚೆ, ಹಾಕಿದ ಮೇಲೆ ಅದೇ ಜಾಗ, ಅದೇ ಟೋನ್, ಅದೇ ವಾಲ್ಯೂಮ್ ಇಟ್ಟರೆ ಅಲ್ಲೂ ಹಾಗೇ. ತೀರ ಸಣ್ಣ ಸದ್ದಿನಲ್ಲಿ ಮಾತ್ರ ಕೈಕೊಡುತ್ತದೆ. ರಾತ್ರಿ ಮೀಟರನ್ನು ಕಂಬಳಿಯಲ್ಲಿ ಸುತ್ತಿ ಬೀರುವಿನಲ್ಲಿಟ್ಟು ಬಾಗಿಲು ಮುಚ್ಚಿ, ಮ್ಯಾಕ್ಸ್-ಮಿನ್ ಇದ್ದರೆ ಮಿನ್ ನೋಡಿ. ಅದು 36 ತೋರಿಸಿದರೆ, ಆಮೇಲೆ ಕೋಣೆಯಲ್ಲಿ 37 ಬಂದಾಗ ನೀವು ಓದುತ್ತಿರುವುದು ಹೆಚ್ಚುಕಮ್ಮಿ ಮೀಟರಿನ ಸ್ವಂತ ಗದ್ದಲ.

ಮೂಲೆಮನೆ:
ನಾನು ಸ್ಟುಡಿಯೋ ಕೆಲಸದವಳು. ಅಳತೆ ಕೇಳಿದ ತಕ್ಷಣ ನನ್ನ ಕಣ್ಣಿಗೆ ಬಿದ್ದದ್ದು 10 ಅಡಿ ಅಗಲ, 10 ಅಡಿ ಎತ್ತರ. ಎದುರುಬದುರು ಗೋಡೆಯ ಮಧ್ಯೆ ನಿಲ್ಲುವ ಅಲೆಯ ಲೆಕ್ಕ ಸುಲಭ: ಶಬ್ದದ ವೇಗ ಸೆಕೆಂಡಿಗೆ 343 ಮೀಟರನ್ನು ಗೋಡೆಗಳ ಅಂತರದ (ಅದೂ ಮೀಟರಿನಲ್ಲಿ) ಎರಡರಷ್ಟರಿಂದ ಭಾಗಿಸಿ. 12 ಅಡಿಗೆ 47 ಹರ್ಟ್ಜ್, 10 ಅಡಿಗೆ 56. ನಿಮ್ಮಲ್ಲಿ 56 ಎರಡು ಸಲ ಬರುತ್ತದೆ, ಅದರ ಎರಡರಷ್ಟು 112 ಕೂಡ ಎರಡು ಸಲ. ಒಂದರ ಮೇಲೊಂದು ಕೂತು ಜೋರಾಗುತ್ತವೆ. ತೊಪ್ಪಿ ಎಳೆಯುವುದಕ್ಕೆ ಇದೇ ಕಾರಣ ಅಂತ ನನಗೆ ಬಲವಾದ ಗುಮಾನಿ.

ನಿಮ್ಮ ಮೀಟರಲ್ಲೇ ಪರೀಕ್ಷೆ ಮಾಡಬಹುದು. ಇಷ್ಟು ತಗ್ಗಿನ ಸದ್ದನ್ನೂ ಹೊರಡಿಸುವ ಬೇಸ್ ಇರುವ ಸ್ಪೀಕರ್ ಬೇಕು, ಅಂಗೈಯಗಲದ ಬ್ಲೂಟೂತ್ ಡಬ್ಬ ಆಗುವುದಿಲ್ಲ. ಸ್ಪೀಕರನ್ನು ಮೂಲೆಗಿಟ್ಟು ಫೋನಿನಿಂದ 56 ಹರ್ಟ್ಜ್ ಟೋನ್ ಹಾಕಿ, ಮೀಟರ್ ಸಿ, ಸ್ಲೋ. ಮೊದಲು ಕೋಣೆಯ ನಡುಮಧ್ಯೆ ಇಡಿ, ಆಮೇಲೆ ಎದುರಿನ ಮೂಲೆಯಲ್ಲಿ ನೆಲಕ್ಕೆ ಹತ್ತಿರ ಇಡಿ. ಮಧ್ಯದಲ್ಲಿ ಸದ್ದು ಬಿದ್ದುಹೋಗಿ ಮೂಲೆಯಲ್ಲಿ ಎದ್ದು ನಿಂತರೆ ಗುಮಾನಿ ನಿಜ. ಅಲ್ಲಿ ಬರುವ ವ್ಯತ್ಯಾಸದ ಮುಂದೆ ನಿಮ್ಮ ಮೀಟರಿನ ಒಂದೂವರೆ ಡಿಬಿ ಲೆಕ್ಕಕ್ಕಿಲ್ಲ.

ಸದ್ದು ಆರುವ ಹೊತ್ತು ನೋಡಲು ಮೀಟರ್ ಬದಲು ಅಳತೆಯ ಮೈಕ್ ಬೇಕು. ಮಿನಿಡಿಎಸ್‌ಪಿ ಯುಮಿಕ್-1 ಯುಎಸ್‌ಬಿಗೆ ನೇರ ಸಿಕ್ಕಿಸಬಹುದು, ಪ್ರತಿ ಮೈಕಿಗೂ ಅದರ ಸೀರಿಯಲ್ ನಂಬರಿನ ಕ್ಯಾಲಿಬ್ರೇಶನ್ ಫೈಲ್ (ಮೈಕಿನ ತಪ್ಪನ್ನು ತಿದ್ದುವ ಫೈಲ್) ಸಿಗುತ್ತದೆ. ರೂಮ್ ಇಕ್ಯೂ ವಿಝರ್ಡ್ ತಂತ್ರಾಂಶ ಉಚಿತ, ಅದರ ವಾಟರ್‌ಫಾಲ್ ಚಿತ್ರದಲ್ಲಿ ಯಾವ ಫ್ರೀಕ್ವೆನ್ಸಿ ಎಷ್ಟು ಹೊತ್ತು ಉಳಿಯುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಕ್ಲಾಸ್ 1 ಮೀಟರಿನ ಬೆಲೆಯ ಒಂದು ಚೂರಿಗೆ ಸಿಗುತ್ತದೆ ಇದು.

ದಯವಿಟ್ಟು ಮೊಟ್ಟೆ ತಟ್ಟೆಯಂಥ ತೆಳು ಫೋಮ್ ಮಾತ್ರ ಅಂಟಿಸಬೇಡಿ. 56 ಹರ್ಟ್ಜ್ ಅಲೆಯ ಕಾಲು ಭಾಗವೇ ಒಂದೂವರೆ ಮೀಟರ್ ಉದ್ದ, ಎರಡು ಇಂಚಿನ ಫೋಮ್ ಅದಕ್ಕೆ ಏನೂ ಮಾಡುವುದಿಲ್ಲ. ಮೇಲಿನ ಸದ್ದನ್ನಷ್ಟೇ ನುಂಗುತ್ತದೆ, ಮೃದಂಗದ ಬಲಗಡೆ ಸಪ್ಪೆಯಾಗಿ ತೊಪ್ಪಿ ಇನ್ನೂ ಎದ್ದು ಕೇಳುತ್ತದೆ.

ತೊಪ್ಪಿನಾದ:
ಮೇಡಂ, ಈಗಷ್ಟೇ ಮಾಡಿ ನೋಡಿದೆ. ಸಿ ಬಟನ್ ಇದೆ. 56ಕ್ಕೆ ಮಧ್ಯದಲ್ಲಿ 64, ಮೂಲೆಯಲ್ಲಿ 83! ಮಗ ಕೂರುವುದು ಗೋಡೆಗೆ ಬೆನ್ನು ಹಾಕಿ, ಹೆಚ್ಚುಕಮ್ಮಿ ಮೂಲೆಯಲ್ಲೇ. ಮೈಕ್ ಆರ್ಡರ್ ಮಾಡುತ್ತೇನೆ. ಅಲ್ಲಿವರೆಗೆ ಅವನ ಚಾಪೆಯನ್ನು ಎಲ್ಲಿ ಹಾಸಲಿ?

ಮೂಲೆಮನೆ:
ಮೂಲೆಯಿಂದ ಮೊದಲು ಈಚೆ ತನ್ನಿ. ಉದ್ದದ ಗೋಡೆಯಿಂದ ನಾಲ್ಕು ಅಡಿ, ಗಿಡ್ಡ ಗೋಡೆಯಿಂದಲೂ ನಾಲ್ಕು ಅಡಿ ಬಿಟ್ಟು ಕೂರಿಸಿ ನುಡಿಸಲು ಹೇಳಿ, ನೀವು ಕಿವಿ ಕೊಟ್ಟು ಕೇಳಿ, ಆಮೇಲೆ ಅರ್ಧ ಅಡಿ ಆಚೀಚೆ ಸರಿಸಿ. ಮೂಲೆಗಳಿಗೆ ನೆಲದಿಂದ ಸೂರಿನವರೆಗೆ ದಪ್ಪ ರಾಕ್‌ವೂಲ್ (ಕಲ್ಲಿನ ನಾರಿನ ಹಲಗೆ) ಹಾಕಿಸುವ ಮಾತು ಮೈಕ್ ಬಂದು ಗ್ರಾಫ್ ತೆಗೆದ ಮೇಲೆ. ಗ್ರಾಫ್ ಇಲ್ಲೇ ಹಾಕಿ, ನೋಡುತ್ತೇನೆ.