ಬಾವಿಯ ಬಳಿ ರಾತ್ರಿ ಗಲಾಟೆ: ಇಂಗ್ಲೆಂಡಿನ ಹಾರ್ಬಲ್‌ಡೌನ್ ಹಳ್ಳಿಯ ಕನ್ನಡ ಮನೆಗಳ ಚಾಟ್ ಗುಂಪು

ಮೂಲೆಮನೆ: ರಾತ್ರಿ ಎರಡು ಗಂಟೆಯವರೆಗೆ ಬಾವಿಯ ಮೆಟ್ಟಿಲ ಮೇಲೆ ಕುಡಿದು ಕೂಗಾಡಿದವರಿಂದಾಗಿ ನಮ್ಮ ಮನೆಯಲ್ಲಿ ಯಾರೂ ಕಣ್ಣು ಮುಚ್ಚಿಲ್ಲ. ಬೆಳಿಗ್ಗೆ ನೋಡಿದರೆ ಕಮಾನಿನ ಕೆಳಗಿನ ನೀರಿನಲ್ಲಿ ಬಿಯರ್ ಬಾಟಲಿ ಬಿದ್ದಿವೆ, ಪಾಚಿ ಕಟ್ಟಿದ ಮೆಟ್ಟಿಲ ತುಂಬ ಗಾಜಿನ ಚೂರುಗಳಿವೆ. ಪ್ರತಿ ಸಲವೂ ನಾವೇ ಹೇಳಬೇಕೆ? ಉಳಿದವರಿಗೆ ಕಿವಿಯಿಲ್ಲವೆ?

ಮೇಲ್ಮನೆ ರಾಯರು: ಬಾವಿಯ ಚಿತ್ರವನ್ನು ಊರೆಲ್ಲ ಹಂಚಿದವರೇ ಇದಕ್ಕೆ ಹೊಣೆ. 1084ರ ಸುಮಾರಿಗೆ ಆರ್ಚ್‌ಬಿಷಪ್ ಲ್ಯಾನ್‌ಫ್ರಾಂಕ್ ಕುಷ್ಠರೋಗಿಗಳಿಗಾಗಿ ಕ್ಯಾಂಟರ್ಬರಿಯ ಹೊರಗೆ ಆಸ್ಪತ್ರೆ ಕಟ್ಟಿಸಿದ ಗುಡ್ಡವಿದು. 1174ರಲ್ಲಿ, ತನ್ನ ಯೋಧರೇ ಕೊಂದಿದ್ದ ಆರ್ಚ್‌ಬಿಷಪ್ ಬೆಕೆಟ್‌ನ ಸಮಾಧಿಗೆ ಪ್ರಾಯಶ್ಚಿತ್ತಕ್ಕೆಂದು ಹೊರಟಿದ್ದ ದೊರೆ ಎರಡನೆಯ ಹೆನ್ರಿ ಇಲ್ಲಿ ನಿಂತು, ಆ ರೋಗಿಗಳಿಗೆ ವರ್ಷಕ್ಕೆ 20 ಮಾರ್ಕ್ ದತ್ತಿ ಬಿಟ್ಟ. ಅಂಥ ಜಾಗದಲ್ಲಿ ಬಾಟಲಿ!

ಕೆಳಮನೆ: ರಾಯರೇ, ಯುಗಾದಿಗೆ ಬಂದ ನೆಂಟರನ್ನೆಲ್ಲ ಕಮಾನಿನ ನಡುಗಲ್ಲಿನ ಮೂರು ಗರಿಗಳ ಕೆಳಗೆ ನಿಲ್ಲಿಸಿ, ಫೋಟೊ ತೆಗೆದು ಹಂಚಿದವರು ತಾವೇ ಅಲ್ಲವೆ?

ಮೇಲ್ಮನೆ ರಾಯರು: ಆ ಗರಿಗಳು ಬ್ಲ್ಯಾಕ್ ಪ್ರಿನ್ಸ್ ಎಂದು ಹೆಸರಾದ ಇಂಗ್ಲೆಂಡಿನ ಯುವರಾಜ ಎಡ್ವರ್ಡ್‌ನ ಲಾಂಛನ. 1376ರಲ್ಲಿ ಸಾಯುವ ಹೊತ್ತಿಗೂ ಆತ ಈ ನೀರನ್ನೇ ಬೇಡಿದನೆಂಬ ಐತಿಹ್ಯವನ್ನು ನೆಂಟರಿಗೆ ಹೇಳುವುದು ತಪ್ಪೆ? ಗಾಜು ಒಡೆದವರು ನನ್ನ ನೆಂಟರಲ್ಲ.

ಹೊಸಮನೆ: ಬಂದದ್ದನ್ನು ಹಾಗೆಯೇ ಕಳುಹಿಸುತ್ತಿದ್ದೇನೆ: “ಈ ಬಾವಿಯ ನೀರಿನಿಂದ ಕುಷ್ಠ, ಕಣ್ಣುಬೇನೆ ಎರಡೂ ವಾಸಿಯಾಗುತ್ತವೆ. ಹತ್ತು ಜನರಿಗೆ ತಲುಪಿಸಿ.”

ಡಾಕ್ಟರಮ್ಮ: ದಯವಿಟ್ಟು ಅದನ್ನು ಅಳಿಸಿ. ಕುಷ್ಠದ ರೋಗಾಣುವನ್ನು ಹ್ಯಾನ್ಸೆನ್ 1873ರಲ್ಲಿಯೇ ಗುರುತಿಸಿದರು. ಅದು ವಾಸಿಯಾಗುವುದು ತಿಂಗಳುಗಟ್ಟಲೆ ತಪ್ಪದೆ ನುಂಗಬೇಕಾದ ಬಹುಔಷಧ ಚಿಕಿತ್ಸೆಯಿಂದ. ಔಷಧವಿಲ್ಲದ ಕಾಲದಲ್ಲಿ ಸೂರು, ಅನ್ನ, ಶುದ್ಧ ನೀರು ಸಿಕ್ಕಿದ್ದೇ ದೊಡ್ಡ ಆರೈಕೆ. ಪಕ್ಕದ ಸೇಂಟ್ ನಿಕೊಲಸ್ ಚರ್ಚಿನ ನೆಲ ಇಳಿಜಾರಾಗಿರುವುದೂ ತೊಳೆದ ನೀರು ಹರಿದುಹೋಗಲೆಂದೇ ಎನ್ನುತ್ತಾರೆ.

ಕೆಳಮನೆ: ಹದಿನಾರನೆಯ ಶತಮಾನದ ಡಚ್ ವಿದ್ವಾಂಸ ಎರಾಸ್ಮಸ್ ಈ ದಾರಿಯಲ್ಲಿ ಬಂದಾಗ ಆಸ್ಪತ್ರೆಯ ಮುದುಕರು ಬೆಕೆಟ್‌ನ ಪಾದರಕ್ಷೆಯ ತುಂಡನ್ನು ಮುತ್ತಿಡಲು ಒಡ್ಡಿದ್ದರಂತೆ. ನಿನ್ನೆಯವರು ಬಿಟ್ಟುಹೋದ ಒಂಟಿ ಬೂಟು ನಮ್ಮ ಬೇಲಿಯ ಮೇಲಿದೆ. ರಾಯರು ದರ್ಶನಕ್ಕೆ ಬರಬಹುದು.

ಅಡ್ಮಿನ್: ವಿಷಯಕ್ಕೆ ಬನ್ನಿ. ರಾತ್ರಿ ಬೀಗ ಹಾಕುವ ಗೇಟು ಅಥವಾ ಒಂದು ದೀಪ ಬೇಕೆಂದು ಪತ್ರ ಬರೆಯೋಣ. ಯಾರು ಬರೆಯುತ್ತೀರಿ?

ಮೇಲ್ಮನೆ ರಾಯರು: ಗೇಟಿಗೆ ನನ್ನ ಒಪ್ಪಿಗೆಯಿಲ್ಲ. ಊರು ಹೊರಗಿಟ್ಟವರಿಗೆ ಆಸರೆಯಾಗಿದ್ದ ಜಾಗಕ್ಕೆ ನಾವು ಬೀಗ ಹಾಕುವುದೆ? ದೀಪ ಸಾಕು.

ಮೂಲೆಮನೆ: ಆ ಬೆಳಕು ನೇರವಾಗಿ ನಮ್ಮ ಮಲಗುವ ಕೋಣೆಗೇ ಬೀಳುತ್ತದೆ.

ಹೊಸಮನೆ: ಪತ್ರದಲ್ಲಿ ಬಾವಿಗೆ ಇಳಿಯುವ ದಾರಿಯ ತುದಿಯಲ್ಲಿ ನಿಲ್ಲುವ ಬಿಳಿ ಕಾರಿನ ವಿಷಯವನ್ನೂ ಸೇರಿಸಿ. ಕಸದ ಲಾರಿ ತಿರುಗಲು ಜಾಗವಿಲ್ಲದೆ ಹಾಗೇ ಹೋಗುತ್ತಿದೆ.

ಅಡ್ಮಿನ್: ಹಾಗಾದರೆ ಮೊದಲು ಕಾರಿನದ್ದೇ ಬರೆಯೋಣ. ಅದು ಯಾರದ್ದೆಂದು ತಿಳಿದವರು ತಿಳಿಸಿ.

ಮೇಲ್ಮನೆ ರಾಯರು: ನನ್ನದು. ಅಲ್ಲಿ ನಿಲ್ಲಿಸುವುದಕ್ಕೆ ಕಾರಣಗಳಿವೆ; ಸಂಜೆ ವಿವರವಾಗಿ ಬರೆಯುತ್ತೇನೆ.