ಬೋರ್ಡು ಹಾಕೋ ಮೊದಲು ವಕೀಲರನ್ನು ಕೇಳಿ: ದಾವಣಗೆರೆ ಅಂಗಡಿ, ಮನೆ ಬೋರ್ಡುಗಳ ಪ್ರಶ್ನೋತ್ತರ

ನಿಟುವಳ್ಳಿ ಬೇಕರಿ: ಸರ್, ಬೋರ್ಡಿನಲ್ಲಿ 60 ಪರ್ಸೆಂಟ್ ಕನ್ನಡ ಅನ್ನೋದು ಬೆಂಗಳೂರಿಗೆ ಮಾತ್ರ ಅಲ್ವಾ?

ವಕೀಲರು: ಅಲ್ಲ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ 2022ರದು, 2024ರಲ್ಲಿ ತಿದ್ದುಪಡಿ ಆಯಿತು. ಇಡೀ ರಾಜ್ಯಕ್ಕೆ ಅನ್ವಯ. ಕನ್ನಡ ಬೋರ್ಡಿನ ಮೇಲರ್ಧದಲ್ಲೇ ಇರಬೇಕು. ಕೆಳಗೆ ಮೂಲೆಯಲ್ಲಿ ಇರುವೆ ಸಾಲಿನಂತೆ ಬರೆಸಿದರೆ ನಡೆಯಲ್ಲ.

ಮಂಡಿಪೇಟೆ ಕಿರಾಣಿ: ಕೂಲ್ ಡ್ರಿಂಕ್ಸ್ ಕಂಪನಿಯವರು ಫ್ರೀ ಬೋರ್ಡು ಕೊಡ್ತೀವಿ ಅಂತಿದ್ದಾರೆ. ಅವರ ಲೋಗೋ ದೊಡ್ಡದು, ನಮ್ಮ ಹೆಸರು ಒಂದು ಗೇಣು.

ವಕೀಲರು: ಅದು ನಿಮ್ಮ ಬೋರ್ಡಲ್ಲ, ಅವರ ಜಾಹೀರಾತು. ಜಾಹೀರಾತಿಗೆ ಆಯುಕ್ತರ ಲಿಖಿತ ಅನುಮತಿ ಬೇಕು, ಪಾಲಿಕೆಗಳ 1976ರ ಕಾಯ್ದೆ, ಕಲಂ 135. ಮೊದಲು ಅನುಮತಿ ಪತ್ರ ತೋರಿಸಲಿ, ಆಮೇಲೆ ಏಣಿ ಹತ್ತಲಿ. ನೋಟಿಸ್ ಬರೋದು ನಿಮ್ಮ ಬಾಗಿಲಿಗೆ.

ವಿದ್ಯಾನಗರ: ಮನೆಯಲ್ಲೇ ಟ್ಯೂಷನ್ ಮಾಡ್ತೀನಿ. ಗೇಟಿಗೆ ಒಂದೂವರೆ ಅಡಿ ಬೋರ್ಡು ಹಾಕಿದರೆ ಅದೂ ಕಮರ್ಷಿಯಲ್ ಆಗುತ್ತಾ?

ಹದಡಿ ರಸ್ತೆ ಟೈಲರ್: ಸರ್, ಫೋಟೋ ನೋಡಿ. ಬಾಲ್ಕನಿಗೆ 12 ಅಡಿ ಕಬ್ಬಿಣದ ಫ್ರೇಮು, ಲೈಟ್ ಬೋರ್ಡು. ಭಾನುವಾರ ಕೂರಿಸ್ತಾರೆ. ಕನ್ನಡ ಸರಿಯಾಗಿದೆಯಾ?

ವಕೀಲರು: ಕನ್ನಡ ಬಿಡಿ ಮೇಡಂ. ಫ್ರೇಮಿನ ಬಲ ತುದಿ ನೋಡಿದ್ರಾ? ಪಕ್ಕದ ಕರೆಂಟ್ ತಂತಿ ಅಲ್ಲಿಂದ ಒಂದು ಮೊಳ ದೂರದಲ್ಲಿದೆ, ಕಂಬದ ಮೇಲಿನ ಇನ್ಸುಲೇಟರ್ ನೋಡಿದರೆ ಅದು 11 ಕೆವಿ, ಅಂದರೆ 11 ಸಾವಿರ ವೋಲ್ಟ್ ಲೈನಿನ ಹಾಗೇ ಕಾಣುತ್ತೆ. 11 ಕೆವಿ ತಂತಿಗೂ ಕಟ್ಟಡಕ್ಕೂ ಪಕ್ಕದಲ್ಲಿ ಕನಿಷ್ಠ 1.2 ಮೀಟರ್, ಮೇಲೆ ಹಾದು ಹೋದರೆ 3.7 ಮೀಟರ್ ಅಂತರ ಇರಲೇಬೇಕು. ಬಾಲ್ಕನಿಯಿಂದ ಏನು ಚಾಚಿದರೂ ಆ ಅಂತರ ಕಡಿಮೆಯಾಗುತ್ತೆ. ಆ ಉದ್ದದ ಫ್ರೇಮನ್ನು ಇಬ್ಬರು ಎತ್ತುವಾಗ ಒಂದು ತುದಿ ವಾಲಿಯೇ ವಾಲುತ್ತೆ, ತಂತಿ ಮುಟ್ಟಬೇಕಂತಲೂ ಇಲ್ಲ, ಹತ್ತಿರ ಹೋದರೇ ಕಿಡಿ ಹಾರುತ್ತೆ. ಸ್ಟೀಲ್ ಟೇಪು ಹಿಡಿದು ಅಳೆಯೋಕೂ ಹೋಗಬೇಡಿ. ಬೆಸ್ಕಾಂ ಸೆಕ್ಷನ್ ಆಫೀಸಿಗೆ ಬರೆದು ಕೊಡಿ, ಅವರು ಬಂದು ಅಳೆಯೋವರೆಗೆ ಕೆಲಸ ನಿಲ್ಲಿಸಿ.

ಅಶೋಕ ರಸ್ತೆ ಮೊಬೈಲ್: ತಂತಿಗೆ ಪ್ಲಾಸ್ಟಿಕ್ ಪೈಪು ಸೀಳಿ ಹಾಕಿದರೆ ಏನೂ ಆಗಲ್ಲ ಅಂತ ಒಂದು ವಿಡಿಯೋ ಬಂದಿದೆ, ಕಳಿಸ್ತೀನಿ.

ವಕೀಲರು: ಕಳಿಸಬೇಡಿ. ನೀರಿನ ಪೈಪು 11 ಸಾವಿರ ವೋಲ್ಟ್ ತಡೆಯಲ್ಲ. ಆ ವಿಡಿಯೋ ಮಾಡಿದವನು ನಿಮ್ಮ ಏಣಿ ಹತ್ತಲ್ಲ.

ಚಿತ್ರದುರ್ಗ ಮೆಡಿಕಲ್ಸ್: ನಮ್ಮದು ನಗರಸಭೆ ಸರ್. ನಮಗೂ 60 ಇದೆಯಾ?

ವಕೀಲರು: ಇಡೀ ರಾಜ್ಯ ಅಂದೆ. ಅನುಮತಿಗೆ ಮಾತ್ರ ನಿಮ್ಮ ಕಾಯ್ದೆ ಬೇರೆ, 1964ರದು.

ಎಂಸಿಸಿ ಬಿ ಬ್ಲಾಕ್: 60 ಪರ್ಸೆಂಟ್ ಹಳೇ ಬೋರ್ಡಿಗೂ ಬೇಕಾ? ಫ್ಲೆಕ್ಸ್ ಹಾಕಿಸಿದರೆ ಅಗ್ಗ.

ವಕೀಲರು: ಬೇಕು. ಪ್ಲಾಸ್ಟಿಕ್ ಫ್ಲೆಕ್ಸ್ ರಾಜ್ಯದಲ್ಲಿ 2016ರಿಂದ ನಿಷೇಧ.

ಹಳೇಪೇಟೆ ಮೇಷ್ಟ್ರು: ‘ಸ್ವೀಟ್ ಕಾರ್ನರ್’ ಅಂತ ಕನ್ನಡ ಅಕ್ಷರದಲ್ಲಿ ಬರೆದು ಕನ್ನಡ ಉಳಿಸಿದೆ ಅಂತಾರಲ್ಲ, ನಾಚಿಕೆ ಆಗಲ್ವಾ?

ನಿಟುವಳ್ಳಿ ಬೇಕರಿ: ಬೇಕರಿಗೆ ಕನ್ನಡದಲ್ಲಿ ಏನಂತಾರೆ, ನೀವೇ ಹೇಳಿ ಮೇಷ್ಟ್ರೇ.

ಹಳೇಪೇಟೆ ಮೇಷ್ಟ್ರು: ಮೊದಲು ಊರ ಹೆಸರು ಸರಿ ಬರೀರಿ. ನಿಮ್ಮ ಬೋರ್ಡಲ್ಲಿ ‘ದಾವಣಗೇರಿ’ ಅಂತಿದೆ.

ನಿಟುವಳ್ಳಿ ಬೇಕರಿ: ನಮ್ಮಜ್ಜ ಹಂಗೇ ಅಂತಿದ್ದ. ಬನ್ನು ತಿನ್ನೋವಾಗ ಓದಲಿಲ್ವಾ ನೀವು?

ಅಶೋಕ ರಸ್ತೆ ಮೊಬೈಲ್: ಮೇಷ್ಟ್ರು ಸಾಲದ ಬನ್ನು ತಿಂದವರು, ಬಿಡಿ 😄

ವಕೀಲರು: ಇದು ಗ್ರೂಪೋ ಸಂತೆಯೋ? ಟೈಲರ್ ಮೇಡಂ, ಭಾನುವಾರದ ಕೆಲಸ ನಿಲ್ಲಿಸಿದ್ರಾ?

ಎಂಸಿಸಿ ಬಿ ಬ್ಲಾಕ್: ಸರ್, 60 ಪರ್ಸೆಂಟ್ ಅಂದರೆ ಅಕ್ಷರ ಎಣಿಸಬೇಕಾ, ಜಾಗ ಅಳೀಬೇಕಾ?

ಹಳೇಪೇಟೆ ಮೇಷ್ಟ್ರು: ಸಾಲ ಅಂದವರು ಕ್ಷಮೆ ಕೇಳಲಿ.

ವಕೀಲರು: ಮೇಡಂ, ಮೆಸೇಜ್ ನೋಡಿದ್ದೀರಿ ಅಂತ ತೋರಿಸ್ತಿದೆ. ನಿಲ್ಲಿಸಿದ್ರಾ, ಇಲ್ವಾ?