ಹ್ಯಾಝಲ್ಟನ್ ಗೋರಿಯ ಮಲಮಕ್ಕಳು

ದೊಡ್ಡಪ್ಪ (ಫಾರ್ವರ್ಡ್): 5,700 ವರ್ಷ ಹಳೆಯ ಗೋರಿಯ ಡಿಎನ್‌ಎ ನೀಡಿದ ತೀರ್ಪು: ಕುಟುಂಬವೆಂದರೆ ರಕ್ತ, ವಂಶವೆಂದರೆ ಗಂಡು!

ದೊಡ್ಡಪ್ಪ: ಇದನ್ನು ಎಲ್ಲರೂ ಪೂರ್ತಿ ಓದಬೇಕೆಂದು ಕೋರುತ್ತೇನೆ. ಇಂಗ್ಲೆಂಡಿನ ಗ್ಲಾಸ್ಟರ್‌ಶೈರಿನಲ್ಲಿರುವ ಹ್ಯಾಝಲ್ಟನ್ ನಾರ್ತ್ ಎಂಬ ನವಶಿಲಾಯುಗದ ಕಲ್ಲುಗೋರಿಯಲ್ಲಿ ಡಿಎನ್‌ಎ ದೊರೆತ 35 ಜನರ ಪೈಕಿ 27 ಜನ ಒಂದೇ ಮನೆತನದ ಐದು ತಲೆಮಾರಿನವರು.

ಭಾವ: ಪುಸ್ತಕ ಬರೆದವರು ಪಕ್ಷಪಾತ ಮಾಡಬಹುದು, ಮೂಳೆ ಮಾಡುವುದಿಲ್ಲ. ಇನ್ನು ಇದರಲ್ಲಿ ವಾದಕ್ಕೆ ಎಡೆಯಿಲ್ಲ.

ನಾನು: ಭಾವ, ವಾದಕ್ಕೆ ಎಡೆಯಿದೆ. ಯಾರು ಯಾರಿಗೆ ಹುಟ್ಟಿದರೆಂಬುದು ಮೂಳೆಯಿಂದ ತಿಳಿಯುತ್ತದೆ. ಯಾರು ಯಾರನ್ನು ತಮ್ಮವರೆಂದು ಎಣಿಸಿದರೆಂಬುದನ್ನು ಆ ಮೂಳೆಯನ್ನು ಎಲ್ಲಿ, ಯಾರ ಪಕ್ಕದಲ್ಲಿ ಇಟ್ಟಿದ್ದರು ಎಂಬುದರಿಂದ ಊಹಿಸಬೇಕು. ಹ್ಯಾಝಲ್ಟನ್ ಅಧ್ಯಯನದ ಹಿರಿಮೆಯೇ ಇವೆರಡನ್ನೂ ಒಟ್ಟಿಗೆ ನೋಡಿದ್ದರಲ್ಲಿದೆ, ಮತ್ತು ನೀವು ಕಳಿಸಿದ ಬರಹ ಬಿಟ್ಟಿರುವುದು ಅದನ್ನೇ. ಆ ಮನೆತನದ ಮೂಲಪುರುಷನಿಗೆ ನಾಲ್ವರು ಹೆಂಗಸರಿಂದ ಮಕ್ಕಳಾಗಿದ್ದರು. ಗೋರಿಗೆ ಉತ್ತರದಲ್ಲೊಂದು, ದಕ್ಷಿಣದಲ್ಲೊಂದು ಕೋಣೆಗಳ ಸಾಲಿದೆ. ಇಬ್ಬರು ತಾಯಂದಿರ ಸಂತತಿಯನ್ನು ಒಂದು ಕಡೆಗೂ ಉಳಿದಿಬ್ಬರ ಸಂತತಿಯನ್ನು ಇನ್ನೊಂದು ಕಡೆಗೂ ಮೊದಮೊದಲು ಇಟ್ಟಿದ್ದರು, ಅಂದರೆ ಎಲ್ಲರಿಗೂ ತಂದೆಯ ಮೂಲ ಒಂದೇ ಆಗಿದ್ದರೂ ಯಾವ ಕೋಣೆ ಎಂಬುದನ್ನು ನಿರ್ಧರಿಸಿದ್ದು ತಾಯಿ. ಇದಕ್ಕಿಂತ ಮುಖ್ಯವಾದದ್ದು ಮಲಮಕ್ಕಳ ವಿಷಯ. ಅಲ್ಲಿರುವ ಕೆಲವು ಗಂಡಸರ ತಾಯಿ ಆ ಗೋರಿಯಲ್ಲಿದ್ದಾಳೆ, ಆಕೆಗೆ ಈ ಮನೆತನದ ಗಂಡಸಿನಿಂದಲೂ ಮಕ್ಕಳಾಗಿವೆ. ಆದರೆ ಇವರನ್ನು ಹುಟ್ಟಿಸಿದ ತಂದೆ ಬೇರೆಯವನು, ಅವನು ಅಲ್ಲಿಲ್ಲ. ಮೂಲಪುರುಷನ ರಕ್ತ ಒಂದು ಹನಿಯೂ ಇಲ್ಲದ ಇವರನ್ನು ಆ ಕುಲದ ಗೋರಿಯಲ್ಲೇ ಇಟ್ಟರು. ಕುಟುಂಬವೆಂದರೆ ರಕ್ತ ಎಂಬ ಮಾತು ಇಲ್ಲಿಯೇ ಮುರಿದುಬೀಳುತ್ತದೆ.

ಸೋದರತ್ತೆ: ಇಷ್ಟು ಹಳೆಯ ಮೂಳೆಯಲ್ಲಿ ಇವನು ಮಗ, ಇವನು ಮಲಮಗ ಎಂದು ಬೇರ್ಪಡಿಸುವುದಾದರೂ ಹೇಗೆ? ಅಗೆದು ತೆಗೆದವರ ಕೈ ಸೋಕಿರುವುದಿಲ್ಲವೇ?

ನಾನು: ಸೋಕಿರುತ್ತದೆ ಅತ್ತೆ, ಆದ್ದರಿಂದಲೇ ಒಳಗಿವಿಯನ್ನು ಸುತ್ತುವರಿದ ಮೂಳೆಯನ್ನು ಹುಡುಕುತ್ತಾರೆ. ದೇಹದಲ್ಲೇ ಅತ್ಯಂತ ಸಾಂದ್ರವಾದ ಮೂಳೆಗಳಲ್ಲಿ ಅದೂ ಒಂದು, ಡಿಎನ್‌ಎ ಅಲ್ಲಿ ಹೆಚ್ಚು ಉಳಿದಿರುತ್ತದೆ. ಅದನ್ನು ಕೊರೆದು ಚಿಟಿಕೆ ಪುಡಿ ತೆಗೆದರೆ ಸಿಗುವುದು ಬರೀ ಚೂರುಗಳು, ಬಹುಪಾಲು ಡಿಎನ್‌ಎಯ ನೂರು ಅಕ್ಷರವನ್ನೂ ಮುಟ್ಟುವುದಿಲ್ಲ. ಕಾಲ ಕಳೆದಂತೆ ಆ ಚೂರುಗಳ ತುದಿಯಲ್ಲಿರುವ ಸೈಟೋಸಿನ್ ಎಂಬ ಅಕ್ಷರ ಹಾಳಾಗಿ, ಯಂತ್ರ ಅದನ್ನು ಥೈಮಿನ್ ಎಂಬ ಇನ್ನೊಂದು ಅಕ್ಷರವೆಂದು ಓದುತ್ತದೆ. ಮುಟ್ಟಿದವರ ಹೊಸ ಡಿಎನ್‌ಎಯಲ್ಲಿ ಈ ಸವೆತ ಕಾಣದು, ಹಳೆಯದನ್ನು ಗುರುತಿಸುವುದು ಹೀಗೆ. ನಂಟನ್ನು ಅಳೆಯುವುದು ಹಂಚಿಕೊಂಡ ಪಾಲಿನಿಂದ. ತಂದೆ ಮಗನಿಗೆ ಅರ್ಧ; ಅಜ್ಜನಿಗೆ ಕಾಲುಭಾಗ, ಚಿಕ್ಕಪ್ಪನಿಗೂ ಕಾಲುಭಾಗ, ತಾಯಿ ಬೇರೆಯಾದ ಅಣ್ಣನಿಗೂ ಕಾಲುಭಾಗ. ಈ ಮೂವರನ್ನು ಪಾಲಿನ ಲೆಕ್ಕವೊಂದರಿಂದಲೇ ಪ್ರತ್ಯೇಕಿಸಲು ಬರುವುದಿಲ್ಲ. ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯಾದ ಡಿಎನ್‌ಎ, ತಂದೆಯಿಂದ ಮಗನಿಗೆ ಮಾತ್ರ ಇಳಿಯುವ ವೈ ವರ್ಣತಂತು, ಸತ್ತಾಗಿನ ವಯಸ್ಸು ಇವನ್ನೆಲ್ಲ ಕೂಡಿಸಿ, ಒಬ್ಬೊಬ್ಬರನ್ನೂ ಉಳಿದೆಲ್ಲರೊಂದಿಗೆ ಹೋಲಿಸಿದ ಮೇಲೆಯೇ ವಂಶವೃಕ್ಷ ನಿಲ್ಲುವುದು.

ದೊಡ್ಡಪ್ಪ: ಮಲಮಕ್ಕಳ ಮಾತನ್ನು ಒಪ್ಪುತ್ತೇನೆ. ಆದರೆ ನೀನೂ ಒಂದನ್ನು ಒಪ್ಪಬೇಕು. ಆ ವೃಕ್ಷದಲ್ಲಿ ತಲೆಮಾರಿನಿಂದ ತಲೆಮಾರಿಗೆ ಹೋಗುವ 15 ಕೊಂಡಿಗಳೂ ಗಂಡಸರ ಮೂಲಕವೇ ಹೋಗಿವೆ. ಆ ಮನೆತನದಲ್ಲೇ ಹುಟ್ಟಿ ಚಿಕ್ಕಂದಿನಲ್ಲೇ ತೀರಿಕೊಂಡ ಇಬ್ಬರು ಹೆಣ್ಣುಮಕ್ಕಳು ಮಾತ್ರ ಅಲ್ಲಿದ್ದಾರೆ, ಬೆಳೆದ ಮಗಳು ಒಬ್ಬಳೂ ಇಲ್ಲ. ಹಾಗಿರುವಾಗ ವಂಶವೆಂದರೆ ಗಂಡು ಎಂಬುದರಲ್ಲಿ ತಪ್ಪೇನು?

ನಾನು: ಹ್ಯಾಝಲ್ಟನ್ನಿನ ಮಟ್ಟಿಗೆ ತಪ್ಪಿಲ್ಲ ದೊಡ್ಡಪ್ಪ, ಅಲ್ಲಿ ಎಣಿಕೆ ತಂದೆಯ ಕಡೆಯಿಂದಲೇ ನಡೆದಿದೆ. ಫ್ರಾನ್ಸಿನ ಗುರ್ಜಿ ಎಂಬಲ್ಲಿನ ನವಶಿಲಾಯುಗದ ಸ್ಮಶಾನದಲ್ಲೂ ಹಾಗೆಯೇ. 2023ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಏಳು ತಲೆಮಾರುಗಳ 64 ಜನರ ವೃಕ್ಷವಿದೆ, ಹೆಂಗಸರು ಹೊರಗಿನಿಂದ ಬಂದಿದ್ದಾರೆ. ಆದರೆ ಹ್ಯಾಝಲ್ಟನ್ನಿನಂತೆ ತಂದೆ ಒಬ್ಬನಾಗಿ ತಾಯಂದಿರು ಬೇರೆಯಾದ ಮಕ್ಕಳು ಅಲ್ಲಿಲ್ಲ. ನನ್ನ ತಕರಾರು ಒಂದು ಗೋರಿಯನ್ನು ಇಡೀ ಮನುಷ್ಯಕುಲದ ನಿಯಮ ಮಾಡುವುದಕ್ಕೆ. ಅದೇ ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ ಕಬ್ಬಿಣಯುಗದ ಕೊನೆಯ ಸ್ಮಶಾನವೊಂದನ್ನು ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದರು. ಅಲ್ಲಿ ಮೂರನೇ ಎರಡಕ್ಕೂ ಹೆಚ್ಚು ಜನ ಒಂದೇ ತಾಯಿಯ ಸಾಲಿಗೆ ಸೇರಿದವರು, ಹೊರಗಿನಿಂದ ಬಂದು ಸೇರಿದವರು ಗಂಡಸರು. ಅದು ಸುಮಾರು 2,000 ವರ್ಷ ಹಳೆಯದು. ಡಿಎನ್‌ಎಯ ತೀರ್ಪು ಎನ್ನುವುದಾದರೆ ಈ ತೀರ್ಪನ್ನೂ ಅಷ್ಟೇ ಗಟ್ಟಿಯಾಗಿ ಓದಬೇಕಲ್ಲವೇ?

ಭಾವ: ಹಾಗಾದರೆ ವಲಸೆಯ ವಿಷಯದಲ್ಲಿಯೂ ಯಾವ ತೀರ್ಮಾನಕ್ಕೂ ಬರುವಂತಿಲ್ಲ ಎನ್ನುತ್ತೀರಾ?

ನಾನು: ಅಲ್ಲ, ಅಲ್ಲಿ ಡಿಎನ್‌ಎ ಬಹಳ ಗಟ್ಟಿಯಾದ ಸಾಕ್ಷಿ. ಬೆಲ್ ಬೀಕರ್ ಎಂಬ ಗಂಟೆಯಾಕಾರದ ಮಡಕೆಗಳು ಬ್ರಿಟನ್ನಿಗೆ ಬಂದಾಗ ಬಂದದ್ದು ಬರೀ ಮಡಕೆಯೋ ಜನರೋ ಎಂಬುದು ಹಳೆಯ ಜಗಳ. 2018ರ ಅಧ್ಯಯನದ ಪ್ರಕಾರ ಕೆಲವೇ ಶತಮಾನಗಳಲ್ಲಿ ಅಲ್ಲಿನ ತಳಿಮೂಲದ ಸುಮಾರು ಶೇ. 90ರಷ್ಟು ಬದಲಾಗಿದೆ, ಹೀಗಾಗಿ ಜನರೇ ಬಂದರೆಂದು ಹೇಳಬಹುದು. ಬಂದವರು ಯಾವ ಭಾಷೆ ಆಡಿದರು, ಇದ್ದವರೊಂದಿಗೆ ಹೇಗೆ ನಡೆದುಕೊಂಡರು ಎಂಬುದನ್ನು ಆ ಅಂಕಿಯಿಂದ ಎಳೆದು ತೆಗೆಯಬಾರದು.

ಸೋದರತ್ತೆ: ನನ್ನ ಮನಸ್ಸು ಇನ್ನೂ ಆ ಗೋರಿಯಲ್ಲೇ ಇದೆ. 35ರಲ್ಲಿ 27 ಕಳೆದರೆ 8 ಜನ ಉಳಿಯುತ್ತಾರೆ. ಅವರು ಯಾರು?

ನಾನು: ಆ ಎಂಟು ಜನರಿಗೂ ಮನೆತನಕ್ಕೂ ರಕ್ತದ ನಂಟು ಕಂಡುಬಂದಿಲ್ಲ ಅತ್ತೆ. ಅವರಲ್ಲಿ ಮೂವರು ಹೆಂಗಸರು. ಅವರ ಗಂಡಂದಿರು ಅದೇ ಗೋರಿಯಲ್ಲಿ ಇರಬಹುದು. ಮಕ್ಕಳಾಗದೆ ಹೋಗಿರಬಹುದು, ಅಥವಾ ಹೆಣ್ಣುಮಕ್ಕಳೇ ಹುಟ್ಟಿ, ಬೆಳೆದು, ಬೇರೆಡೆಗೆ ಹೋಗಿರಬಹುದು. ಗಂಡ ಹೆಂಡತಿಯ ನಡುವೆ ಹಂಚಿಕೊಂಡ ಡಿಎನ್‌ಎ ಇರುವುದಿಲ್ಲವಲ್ಲ, ಇಬ್ಬರನ್ನೂ ಜೋಡಿಸುವ ಒಂದು ಮಗುವಿನ ಮೂಳೆ ಸಿಗದಿದ್ದರೆ ಆ ಮದುವೆ ಪ್ರಯೋಗಾಲಯಕ್ಕೆ ಕಾಣುವುದೇ ಇಲ್ಲ.

ಸೋದರತ್ತೆ: ಆದರೂ ಅವರನ್ನು ಹೊರಗೆ ಹಾಕಲಿಲ್ಲ, ಒಳಗೇ ಇಟ್ಟರು.

ದೊಡ್ಡಪ್ಪ: ಆ ಎಂಟು ಜನರ ವಿಷಯ ನಾನು ಕಳಿಸಿದ ಬರಹದಲ್ಲಿ ಇರಲಿಲ್ಲ. ಮೂಲ ಅಧ್ಯಯನ ನಿನ್ನ ಬಳಿ ಇದ್ದರೆ ಕಳಿಸು, ಇವತ್ತೇ ಓದುತ್ತೇನೆ.